ಚಿಕ್ಕಜಾಜೂರು: ಜಂಕ್ಷನ್ ಊರಿನ ನೆಲ, ಚರಿತ್ರೆ, ಆಡಳಿತ

ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ತಾಲ್ಲೂಕಿನ ವಾಯವ್ಯ ಭಾಗದಲ್ಲಿ, ದಾವಣಗೆರೆ ಜಿಲ್ಲೆಯ ಗಡಿಗೆ ಹತ್ತಿರದಲ್ಲಿ ಚಿಕ್ಕಜಾಜೂರು ಇದೆ. ಬೆಂಗಳೂರು–ಹುಬ್ಬಳ್ಳಿ ರೈಲು ಮಾರ್ಗದಿಂದ ಚಿತ್ರದುರ್ಗ, ಬಳ್ಳಾರಿಗಳ ಕಡೆಗೆ ಹಳಿ ಒಡೆಯುವುದು ಇಲ್ಲಿಯೇ. ಆಡಳಿತದ ಲೆಕ್ಕದಲ್ಲಿ ಇದು ಗ್ರಾಮ ಪಂಚಾಯಿತಿಯ ಊರು. ಆದರೂ ಎಷ್ಟೋ ತಾಲ್ಲೂಕು ಕೇಂದ್ರಗಳಿಗಿಂತ ಇದರ ಹೆಸರು ಹೆಚ್ಚು ದೂರ ಹೋಗಿದೆ. ರೈಲಿನ ವೇಳಾಪಟ್ಟಿ ನೋಡಿದವರಿಗೆಲ್ಲ ಗೊತ್ತಿರುವ ಊರಿದು, ಇಳಿದು ಕಂಡವರು ಕಡಿಮೆ.

ಹೊಳಲ್ಕೆರೆ ತಾಲ್ಲೂಕಿಗೆ ಪಶ್ಚಿಮದಲ್ಲಿ ಚನ್ನಗಿರಿ, ಉತ್ತರದಲ್ಲಿ ದಾವಣಗೆರೆ, ದಕ್ಷಿಣದಲ್ಲಿ ಹೊಸದುರ್ಗ, ಪೂರ್ವದಲ್ಲಿ ಚಿತ್ರದುರ್ಗ ಮತ್ತು ಹಿರಿಯೂರು ತಾಲ್ಲೂಕುಗಳಿವೆ. ಇದು ಮಲೆನಾಡೂ ಅಲ್ಲ, ಚಳ್ಳಕೆರೆ–ಮೊಳಕಾಲ್ಮುರು ಕಡೆಯ ಒಣಸೀಮೆಯೂ ಅಲ್ಲ. ಜಿಲ್ಲೆಯ ಪೂರ್ವ ತಾಲ್ಲೂಕುಗಳಿಗೆ ಹೋಲಿಸಿದರೆ ಮಳೆ ತುಸು ಹೆಚ್ಚು, ಚನ್ನಗಿರಿಗೆ ಹೋಲಿಸಿದರೆ ಕಡಿಮೆ. ಕೆಂಪು ಮಣ್ಣಿನ ಹೊಲಗಳ ನಡುವೆ ಅಲ್ಲಲ್ಲಿ ಎರೆ ಭೂಮಿ ಕಾಣುತ್ತದೆ. ರಾಗಿ, ಜೋಳದ ಹೊಲಗಳಲ್ಲಿ ಈಚಿನ ದಶಕಗಳಲ್ಲಿ ಮೆಕ್ಕೆಜೋಳ ಬಂದು ಕೂತಿದೆ. ನೀರಿದ್ದ ಕಡೆ ಅಡಿಕೆ, ತೆಂಗು. ಅಡಿಕೆಯ ಹಂಬಲ ಇಲ್ಲಿ ಮಳೆಯನ್ನು ನೋಡಿ ಬಂದದ್ದಲ್ಲ, ಧಾರಣೆಯನ್ನು ನೋಡಿ ಬಂದದ್ದು. ಭೀಮಸಮುದ್ರ, ಚನ್ನಗಿರಿಗಳಂಥ ಅಡಿಕೆ ಪೇಟೆಗಳು ಹತ್ತಿರದಲ್ಲೇ ಇರುವುದರಿಂದ ರೈತರು ಕೊಳವೆಬಾವಿಯನ್ನೇ ನಂಬಿ ತೋಟ ಕಟ್ಟಿದರು. ಅಂತರ್ಜಲ ಕೆಳಗಿಳಿದ ವರ್ಷಗಳಲ್ಲಿ ಟ್ಯಾಂಕರಿನಿಂದ ನೀರು ಹಾಯಿಸಿ ಮರ ಉಳಿಸಿಕೊಳ್ಳಬೇಕಾಗಿ ಬಂದದ್ದೂ ಈ ಸೀಮೆಯ ಅನುಭವ. ಪಶ್ಚಿಮಕ್ಕೆ ಚನ್ನಗಿರಿ ತಾಲ್ಲೂಕಿನಲ್ಲಿರುವ ಶಾಂತಿಸಾಗರ, ಜನರ ಬಾಯಲ್ಲಿ ಸೂಳೆಕೆರೆ, ಚಿತ್ರದುರ್ಗ ನಗರಕ್ಕೂ ಕುಡಿಯುವ ನೀರು ಕೊಡುತ್ತದೆ. ಭದ್ರಾ ಮೇಲ್ದಂಡೆ ಯೋಜನೆಯ ಮೇಲೆ ಇಡೀ ಜಿಲ್ಲೆ ಕಣ್ಣಿಟ್ಟಿರುವುದು ಈ ನೀರಿನ ಬಡತನದಿಂದಲೇ.

ನೆಲದ ರಚನೆಯಲ್ಲಿ ಊರಿನ ಹಣೆಬರಹ ತೀರ್ಮಾನಿಸಿದ್ದು ಪೂರ್ವಕ್ಕಿರುವ ಚಿತ್ರದುರ್ಗದ ಗುಡ್ಡಗಳು. ಈ ಗುಡ್ಡಸಾಲಿನ ಹಸಿರುಶಿಲೆಯ ಪಟ್ಟಿಯಲ್ಲಿ ಕಬ್ಬಿಣ, ಮ್ಯಾಂಗನೀಸ್ ಅದಿರು ಸಿಗುತ್ತದೆ. ಬೆಂಗಳೂರಿನಿಂದ ಉತ್ತರಕ್ಕೆ ಹೋಗುವ ಹಳೆಯ ಹೆದ್ದಾರಿ, ಈಗಿನ ರಾಷ್ಟ್ರೀಯ ಹೆದ್ದಾರಿ 48, ಹಿರಿಯೂರು, ಚಿತ್ರದುರ್ಗಗಳ ಮೇಲೆ ದಾವಣಗೆರೆಗೆ ಹೋಯಿತು. ರೈಲು ಮಾತ್ರ ಅರಸೀಕೆರೆ, ಬೀರೂರು, ಅಜ್ಜಂಪುರ, ಹೊಸದುರ್ಗ ರೋಡ್, ರಾಮಗಿರಿಗಳ ಮೇಲೆ ಗುಡ್ಡಗಳ ಪಶ್ಚಿಮದ ಬಯಲು ಹಿಡಿದು, ಚಿಕ್ಕಜಾಜೂರು, ಮಾಯಕೊಂಡ, ತೋಳಹುಣಸೆ ದಾಟಿ ದಾವಣಗೆರೆ ಸೇರಿತು. ಚಿತ್ರದುರ್ಗ–ಶಿವಮೊಗ್ಗ ಹೆದ್ದಾರಿಯೂ ಹೊಳಲ್ಕೆರೆಯ ಮೇಲೆ ಹೋಗುತ್ತದೆ, ಚಿಕ್ಕಜಾಜೂರಿನ ಮೇಲಲ್ಲ. ಹೀಗೆ ದೊಡ್ಡ ರಸ್ತೆಯಿಲ್ಲದೆ ದೊಡ್ಡ ರೈಲು ಮಾರ್ಗ ಮಾತ್ರ ದಕ್ಕಿದ ಊರಾಗಿ ಇದು ಉಳಿಯಿತು.

ರೈಲಿಗೆ ಮುಂಚಿನ ಚರಿತ್ರೆ ಸುತ್ತಲಿನ ಸೀಮೆಯದೇ. ಚಿತ್ರದುರ್ಗದ ನಾಯಕರಿಗೆ ಇದು ಪಶ್ಚಿಮದ ಅಂಚು. ಆಚೆ ಬಿದನೂರು, ಉತ್ತರಕ್ಕೆ ಹರಪನಹಳ್ಳಿ. ಈ ಎದುರಾಳಿಗಳ ನಡುವಿನ ದೊಡ್ಡ ಕಾಳಗ ನಡೆದದ್ದು ಮುಂದಿನ ಮಾಯಕೊಂಡದಲ್ಲಿ. 1748ರ ಆ ಕಾಳಗದಲ್ಲಿ ಚಿತ್ರದುರ್ಗದ ಹಿರೇಮದಕರಿನಾಯಕ ಮಡಿದ. 1779ರಲ್ಲಿ ದುರ್ಗ ಹೈದರಾಲಿಯ ಕೈಸೇರಿತು. ಟಿಪ್ಪುವಿನ ಪತನದ ನಂತರ, 1799ರಲ್ಲಿ, ಸೀಮೆ ಮೈಸೂರು ಒಡೆಯರ ಸಂಸ್ಥಾನಕ್ಕೆ ಸೇರಿತು. 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರರ ಆಡಳಿತ.

ಊರಿನ ಚರಿತ್ರೆಯಲ್ಲಿ ಗಟ್ಟಿಯಾದ ಗೆರೆ ಎಳೆದದ್ದು ರೈಲು. 1876–78ರ ಬರಗಾಲದಲ್ಲಿ ಮೈಸೂರು ಸೀಮೆಯಲ್ಲಿ ಲಕ್ಷಾಂತರ ಜನ ಸತ್ತರು. ಧಾನ್ಯ ಇದ್ದ ಕಡೆಯಿಂದ ಇಲ್ಲದ ಕಡೆಗೆ ಸಾಗಿಸಲು ಹಳಿಯಿಲ್ಲದ್ದು ಆ ಸಾವುಗಳಿಗೆ ಒಂದು ಕಾರಣವೆಂದು ಆಗಿನ ಆಡಳಿತ ಕಂಡುಕೊಂಡಿತು. ಮೈಸೂರು–ಬೆಂಗಳೂರು ಮೀಟರ್ ಗೇಜ್ ಮಾರ್ಗ 1882ರ ಹೊತ್ತಿಗೆ ಮುಗಿಯಿತು. ಅದನ್ನು ತುಮಕೂರಿನಾಚೆ ಗುಬ್ಬಿಯವರೆಗೆ 1884ರಲ್ಲಿ ಬೆಳೆಸಲಾಯಿತು. ಮುಂದಕ್ಕೆ ಸಂಸ್ಥಾನದ ಬೊಕ್ಕಸದಿಂದಲೇ ಹಣ ಹಾಕುವುದು ಕಷ್ಟವಾದಾಗ ಸದರ್ನ್ ಮರಾಠಾ ರೈಲ್ವೆ ಕಂಪನಿಗೆ ಕೆಲಸ ವಹಿಸಲಾಯಿತು. ಗುಬ್ಬಿಯಿಂದ ಹರಿಹರದವರೆಗಿನ ಭಾಗ 1889ರಲ್ಲಿ ಪೂರ್ಣಗೊಂಡಿತು. ತುಂಗಭದ್ರೆಯ ದಡದ ಹರಿಹರ ಸಂಸ್ಥಾನದ ಕೊನೆಯ ಊರು, ಹೊಳೆ ದಾಟಿದರೆ ಮುಂಬಯಿ ಪ್ರಾಂತ್ಯ. ಎರಡು ಆಡಳಿತಗಳ ನಾಡನ್ನು ಒಂದೇ ಗೇಜಿನ ಹಳಿ ಜೋಡಿಸಿತು. 1908ರಲ್ಲಿ ಕಂಪನಿ ಮದ್ರಾಸ್ ರೈಲ್ವೆಯೊಡನೆ ಕೂಡಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಆಯಿತು.

ಈ ಮಾರ್ಗದಿಂದ ಅತಿ ಹೆಚ್ಚು ಲಾಭ ಪಡೆದ ಊರು ದಾವಣಗೆರೆ. ಹತ್ತಿಯ ಪೇಟೆಯಾಗಿ, ಮುಂದೆ ಗಿರಣಿಗಳ ನಗರವಾಗಿ ಅದು ಬೆಳೆಯಿತು. ನಷ್ಟವಾದದ್ದು ಜಿಲ್ಲಾ ಕೇಂದ್ರ ಚಿತ್ರದುರ್ಗಕ್ಕೆ. ಕೋಟೆಯ ಪಟ್ಟಣವನ್ನು ಬಿಟ್ಟು ರೈಲು ಪಶ್ಚಿಮಕ್ಕೆ ಹೋಗಿತ್ತು. ಆ ಕೊರತೆ ತುಂಬಲು ಮೈಸೂರು ಸರ್ಕಾರ ಚಿಕ್ಕಜಾಜೂರಿನಿಂದ ಹೊಳಲ್ಕೆರೆಯ ಮೇಲೆ ಚಿತ್ರದುರ್ಗಕ್ಕೆ ಸುಮಾರು 34 ಕಿಲೋಮೀಟರಿನ ಕವಲು ಹಾಕಿಸಿತು. ಅದು ಸಂಚಾರಕ್ಕೆ ತೆರೆದದ್ದು 1921ರಲ್ಲಿ. ದಾರಿಯ ಒಂದು ನಿಲ್ದಾಣವಾಗಿದ್ದ ಚಿಕ್ಕಜಾಜೂರು ಅಂದಿನಿಂದ ಜಂಕ್ಷನ್. ಜಿಲ್ಲಾ ಕೇಂದ್ರದ ಕಚೇರಿಗೆ, ಕೋರ್ಟಿಗೆ ರೈಲಿನಲ್ಲಿ ಹೋಗುವವರು ಇಲ್ಲಿ ಇಳಿದು ಗಾಡಿ ಬದಲಿಸಬೇಕಾಯಿತು. ಗಾಡಿ ಬದಲಿಸುವವರಿಗೆ ಕಾಯುವ ಹೊತ್ತು ಇದ್ದೇ ಇರುತ್ತದೆ. ಸಣ್ಣ ಜಂಕ್ಷನ್ನುಗಳ ಚಹಾ, ತಿಂಡಿಯ ವ್ಯಾಪಾರವೆಲ್ಲ ನಿಂತಿರುವುದು ಆ ಹೊತ್ತಿನ ಮೇಲೆ.

ಚಿತ್ರದುರ್ಗದಲ್ಲಿ ಆ ಕವಲು ಏಳು ದಶಕ ಹಾಗೆಯೇ ನಿಂತಿತ್ತು. ಆಚೆಯಲ್ಲಿ ಬಳ್ಳಾರಿ–ರಾಯದುರ್ಗ ಮಾರ್ಗ 20ನೆಯ ಶತಮಾನದ ಆರಂಭದಲ್ಲೇ ಬಂದಿತ್ತು. ನಡುವಿನ ಸುಮಾರು 100 ಕಿಲೋಮೀಟರಿನ ಚಳ್ಳಕೆರೆ, ತಳಕು, ಮೊಳಕಾಲ್ಮುರು ಭಾಗ ಮಾತ್ರ ಖಾಲಿ. ಮದ್ರಾಸ್ ಪ್ರಾಂತ್ಯಕ್ಕೂ ಮೈಸೂರಿಗೂ ನಡುವಿನ ಗಡಿ ಅಲ್ಲಿತ್ತು. 1953ರಲ್ಲಿ ಬಳ್ಳಾರಿ ಮೈಸೂರಿಗೆ ಬಂದರೂ ರಾಯದುರ್ಗ ಆಂಧ್ರಕ್ಕೆ ಸೇರಿತು. ಹೊಸ ಹಳಿ ಹಾಕಿ ಎರಡನ್ನೂ ಸೇರಿಸಿದ್ದು 1990ರ ದಶಕದಲ್ಲಿ. ಬೆಂಗಳೂರು–ಹುಬ್ಬಳ್ಳಿ ಮುಖ್ಯ ಮಾರ್ಗ ಬ್ರಾಡ್ ಗೇಜ್ ಆದದ್ದೂ ಅದೇ ದಶಕದಲ್ಲಿ. ಸುಮಾರು 184 ಕಿಲೋಮೀಟರಿನ ಚಿಕ್ಕಜಾಜೂರು–ಬಳ್ಳಾರಿ ಮಾರ್ಗದಿಂದಾಗಿ ಬಳ್ಳಾರಿಯ ಗೂಡ್ಸ್ ಗಾಡಿಗಳಿಗೆ ಅರಸೀಕೆರೆ, ಹಾಸನ, ಮಂಗಳೂರುಗಳ ಕಡೆಗೆ ಹುಬ್ಬಳ್ಳಿ ಸುತ್ತದ ದಾರಿ ಸಿಕ್ಕಿತು. ಗುಂತಕಲ್ಲಿಗೆ ಪ್ಯಾಸೆಂಜರ್ ಓಡಿತು. 2011ರ ಆಗಸ್ಟಿನಲ್ಲಿ ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ ಅದಿರಿನ ಸಾಗಣೆಗೆ ಪೆಟ್ಟು ಬಿತ್ತು. 2013ರಿಂದ ಷರತ್ತುಗಳ ಮೇಲೆ ಗಣಿಗಳು ಮತ್ತೆ ತೆರೆದವು.

ರೈಲ್ವೆಯ ಒಳಾಡಳಿತದಲ್ಲಿ ನಿಲ್ದಾಣ 1951ರಿಂದ ದಕ್ಷಿಣ ರೈಲ್ವೆಯಲ್ಲಿತ್ತು. 2003ರಲ್ಲಿ ಹುಬ್ಬಳ್ಳಿ ಕೇಂದ್ರವಾಗಿ ನೈಋತ್ಯ ರೈಲ್ವೆ ಆದ ಮೇಲೆ ಅದರ ಮೈಸೂರು ವಿಭಾಗಕ್ಕೆ ಸೇರಿದೆ. ಹುಬ್ಬಳ್ಳಿ–ಚಿಕ್ಕಜಾಜೂರು ನಡುವಿನ ಸುಮಾರು 190 ಕಿಲೋಮೀಟರ್ ಜೋಡಿ ಹಳಿ ಕಾಮಗಾರಿಯಿಂದ ಊರಿನ ಹೆಸರು ವರ್ಷಗಟ್ಟಲೆ ಬಜೆಟ್ ಪುಸ್ತಕಗಳಲ್ಲಿ ಕಾಣಿಸಿಕೊಂಡಿತು. ಒಂಟಿ ಹಳಿಯಿದ್ದಾಗ ಎದುರು ಗಾಡಿಯ ಕ್ರಾಸಿಂಗಿಗಾಗಿ ನಿಲ್ಲುತ್ತಿದ್ದ ಗಾಡಿಗಳು ಈಗ ಹಾಗೆ ನಿಲ್ಲಬೇಕಿಲ್ಲ. ಪ್ರಯಾಣಿಕರಿಗೆ ಇದು ಅನುಕೂಲ. ಪ್ಲಾಟ್‌ಫಾರಂ ವ್ಯಾಪಾರಿಗೆ ಅಷ್ಟೇನೂ ಅಲ್ಲ.

ನಾಗರಿಕ ಆಡಳಿತದ ಕಥೆ ಇಷ್ಟು ವೇಗದ್ದಲ್ಲ. ಚಿಕ್ಕಜಾಜೂರು ಬಿ. ದುರ್ಗ ಹೋಬಳಿಗೆ ಸೇರಿದೆ; ಕಂದಾಯ, ಪಹಣಿಗಳಿಗೆ ಹೊಳಲ್ಕೆರೆ ತಹಶೀಲ್ದಾರರ ಕಚೇರಿಯೇ ಗತಿ. ಸಂಸ್ಥಾನದ ಕಾಲದಲ್ಲಿ ಎಲ್ಲ ಊರುಗಳಂತೆ ಇಲ್ಲಿಯೂ ಪಟೇಲ, ಶ್ಯಾನುಭೋಗರ ವಂಶಪಾರಂಪರ್ಯದ ವ್ಯವಸ್ಥೆಯಿತ್ತು. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ ಅದನ್ನು ಕೊನೆಗೊಳಿಸಿ ಸಂಬಳದ ಗ್ರಾಮ ಲೆಕ್ಕಿಗರನ್ನು ತಂದಿತು. 1983ರ ಕಾಯ್ದೆಯ ಮಂಡಲ ಪಂಚಾಯಿತಿಗಳಿಗೆ 1987ರಲ್ಲಿ ಚುನಾವಣೆ ನಡೆಯಿತು. ಈಗಿನ ಗ್ರಾಮ ಪಂಚಾಯಿತಿ 1993ರ ಪಂಚಾಯತ್ ರಾಜ್ ಕಾಯ್ದೆಯ ಕೂಸು. ಸರಿಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ, ಐದು ವರ್ಷದ ಅವಧಿ, ಮೀಸಲಾತಿಯ ಮೇಲೆ ಅಧ್ಯಕ್ಷ–ಉಪಾಧ್ಯಕ್ಷ ಸ್ಥಾನ, ದಿನದ ಕೆಲಸಕ್ಕೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ. ಊರಿಗೆ ತನ್ನದೇ ಪೊಲೀಸ್ ಠಾಣೆಯಿದೆ. ವಿದ್ಯುತ್ತು ಬೆಸ್ಕಾಂನದು. ಹೊಳಲ್ಕೆರೆ ವಿಧಾನಸಭಾ ಕ್ಷೇತ್ರವೂ ಚಿತ್ರದುರ್ಗ ಲೋಕಸಭಾ ಕ್ಷೇತ್ರವೂ ಪರಿಶಿಷ್ಟ ಜಾತಿಗೆ ಮೀಸಲು.

ಊರೊಳಗೆ ಎರಡು ಸರ್ಕಾರಗಳ ನೆಲವಿದೆ. ನಿಲ್ದಾಣ, ಯಾರ್ಡು, ಕ್ವಾರ್ಟರ್ಸು ಕೇಂದ್ರದ್ದು. ಸಂವಿಧಾನದ 285ನೆಯ ವಿಧಿಯಂತೆ ಕೇಂದ್ರದ ಆಸ್ತಿಯ ಮೇಲೆ ಪಂಚಾಯಿತಿ ಸುಮ್ಮನೆ ತೆರಿಗೆ ಹಾಕುವಂತಿಲ್ಲ. ಅಂದರೆ ಊರಿಗೆ ಹೆಸರು ತಂದ ಆಸ್ತಿಯೇ ಊರಿನ ತೆರಿಗೆ ಪುಸ್ತಕದ ಹೊರಗಿದೆ. ರೈಲು ಬಂದ ಸಣ್ಣ ಊರು ಹೀಗೆ ಗ್ರಾಮ ಪಂಚಾಯಿತಿಯಾಗಿಯೇ ಉಳಿಯಬೇಕೆಂದೇನಲ್ಲ. ಪೋರ್ಚುಗಲ್ಲಿನ ಸಾಂತರೇಂ ಜಿಲ್ಲೆಯ ಎಂತ್ರೊಂಕಾಮೆಂತು 1860ರ ದಶಕದಲ್ಲಿ ಎರಡು ರೈಲು ಮಾರ್ಗ ಕೂಡಿದ ಜಾಗದಲ್ಲೇ ಹುಟ್ಟಿದ ಊರು. ಅದು 1926ರಲ್ಲಿ ಪ್ರತ್ಯೇಕ ಪ್ಯಾರಿಷ್, 1945ರಲ್ಲಿ ಸ್ವಂತ ಪುರಸಭೆ, 1991ರಲ್ಲಿ ನಗರವಾಯಿತು. ದೇಶದ ರೈಲ್ವೆ ವಸ್ತುಸಂಗ್ರಹಾಲಯವೂ ಅಲ್ಲಿದೆ. ಅಲ್ಲಿ ರೈಲ್ವೆ ಕಾರ್ಯಾಗಾರಗಳು ಬಂದವು, ಕೆಲಸಗಾರರು ನೆಲೆಸಿದರು. ಚಿಕ್ಕಜಾಜೂರಿಗೆ ಹಳಿ ಬಂತು, ಕಾರ್ಯಾಗಾರ ಬರಲಿಲ್ಲ. ಅದು ಹುಬ್ಬಳ್ಳಿಗೂ ಮೈಸೂರಿಗೂ ಹೋಯಿತು. ಕರ್ನಾಟಕದ ಪುರಸಭೆಗಳ ಕಾಯ್ದೆಯಲ್ಲಿ ಪಟ್ಟಣ ಪಂಚಾಯಿತಿಗೆ ಕನಿಷ್ಠ 10,000 ಜನಸಂಖ್ಯೆಯ ಜೊತೆಗೆ ದುಡಿಯುವವರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಜನ ಬೇಸಾಯದ ಹೊರಗಿರಬೇಕು ಎಂಬ ಅಳತೆಯಿದೆ. ಅಡಿಕೆ, ಮೆಕ್ಕೆಜೋಳಗಳ ಊರಿಗೆ ಈ ಎರಡನೆಯ ಷರತ್ತು ಸುಲಭದ್ದಲ್ಲ.

1997ರ ಆಗಸ್ಟ್ 15ರಂದು ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದಾಗ ಚಿಕ್ಕಜಾಜೂರು ಇದ್ದಲ್ಲೇ ಇದ್ದು ಗಡಿಯ ಊರಾಯಿತು. ಹಿಂದಿನ ಜಿಲ್ಲೆಯಲ್ಲಿ ಇದು ದಾವಣಗೆರೆಗೂ ದುರ್ಗಕ್ಕೂ ನಡುವಿನ ಕೊಂಡಿಯಾಗಿತ್ತು; ಇದರ ಮುಂದಿನ ಮಾಯಕೊಂಡ ಈಗ ಬೇರೆ ಜಿಲ್ಲೆ. ಸಂತೆ, ಆಸ್ಪತ್ರೆ, ಕಾಲೇಜುಗಳಿಗೆ ದಾವಣಗೆರೆ. ದಾಖಲೆ, ಜಿಲ್ಲಾಧಿಕಾರಿ, ಜಿಲ್ಲಾ ನ್ಯಾಯಾಲಯಗಳಿಗೆ ಚಿತ್ರದುರ್ಗ. ಗಡಿಯ ಊರಿನವರಿಗೆ ಇದು ಸಹಜವಾಗಿ ಒದಗುವ ಎರಡು ದಿಕ್ಕಿನ ಓಡಾಟ.

ಜಂಕ್ಷನ್ನಿನ ಮುಂದಿನ ಲೆಕ್ಕ ಇನ್ನೊಂದು ಹಳಿಯನ್ನು ಅವಲಂಬಿಸಿದೆ. ತುಮಕೂರಿನಿಂದ ಶಿರಾ, ಹಿರಿಯೂರು, ಚಿತ್ರದುರ್ಗಗಳ ಮೇಲೆ ದಾವಣಗೆರೆಗೆ ಸುಮಾರು 191 ಕಿಲೋಮೀಟರಿನ ನೇರ ಮಾರ್ಗಕ್ಕೆ 2011–12ರ ರೈಲ್ವೆ ಬಜೆಟ್ಟಿನಲ್ಲಿ ಮಂಜೂರಾತಿ ಸಿಕ್ಕಿತು. ಹೆದ್ದಾರಿ ಹಿಡಿದ ಪೂರ್ವದ ದಾರಿಯನ್ನೇ ಅದು ಹಿಡಿಯುತ್ತದೆ. ಅದು ಪೂರ್ತಿಯಾದರೆ ಬೆಂಗಳೂರಿನಿಂದ ಚಿತ್ರದುರ್ಗಕ್ಕೆ ಹೋಗುವವರು ಚಿಕ್ಕಜಾಜೂರು ಸುತ್ತಬೇಕಿಲ್ಲ, ಹುಬ್ಬಳ್ಳಿಯ ಕೆಲವು ಗಾಡಿಗಳೂ ಆ ದಾರಿ ಹಿಡಿಯಬಹುದು. ಅರಸೀಕೆರೆ, ಬೀರೂರು ಕಡೆಯಿಂದ ದಾವಣಗೆರೆಗೆ ಹೋಗುವ ಗಾಡಿಗಳಿಗೂ, ಬಳ್ಳಾರಿಯಿಂದ ಹಾಸನ–ಮಂಗಳೂರಿಗೆ ಇಳಿಯುವ ಗೂಡ್ಸಿಗೂ ಮಾತ್ರ ದಾರಿ ಚಿಕ್ಕಜಾಜೂರಿನದೇ.