ಕನ್ನಡಕ್ಕೊಂದು ಪಾರ್ಟಿಶನ್

ಒಂದೇ ಕಂಪ್ಯೂಟರಿನಲ್ಲಿ ಎರಡು ಆಪರೇಟಿಂಗ್ ಸಿಸ್ಟಮ್ ಇಟ್ಟುಕೊಂಡು, ಸ್ವಿಚ್ ಹಾಕಿದಾಗ ಬೇಕಾದ್ದನ್ನು ಆರಿಸಿಕೊಳ್ಳೋದಕ್ಕೆ ಡ್ಯುಯಲ್ ಬೂಟ್ ಅಂತಾರೆ. ನಿಮ್ಮಲ್ಲಿ ಬಹಳ ಜನಕ್ಕೆ ಇದು ಗೊತ್ತಿರೋದೇ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತ ಮೇಲೆ "ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕ್ಕೊಡ್ತೀಯಾ, ಆದ್ರೆ ವಿಂಡೋಸೂ ಇರ್ಲಿ" ಅಂತ ಕೇಳೋರು ನನ್ನ ಸುತ್ತಮುತ್ತ ಜಾಸ್ತಿ ಆಗಿದ್ದಾರೆ. ಹಾಕಿಕೊಡೋದೇನೂ ಕಷ್ಟ ಇಲ್ಲ. ಆದರೆ ಈ ಎರಡು ಪಾಲಿನ ಸಂಸಾರಕ್ಕೆ ನಮ್ಮ ಕಡೆ ಒಂದು ವಿಚಿತ್ರ ಚರಿತ್ರೆ ಇದೆ. ಬೇರೆ ದೇಶಗಳಲ್ಲಿ ಜನ ವಿಂಡೋಸ್ ಪಾಲನ್ನು ಉಳಿಸಿಕೊಂಡಿದ್ದು ಹೆಚ್ಚಾಗಿ ಆಟ ಆಡೋಕೆ. ನಮ್ಮಲ್ಲಿ ಎಷ್ಟೋ ಜನ ಉಳಿಸಿಕೊಂಡಿದ್ದು ಕನ್ನಡ ಬರೆಯೋಕೆ!

ಮೊದಲಿಂದ ಹೇಳ್ತೀನಿ. 1983ರಲ್ಲಿ ಐಬಿಎಂ ಕಂಪನಿ ಪಿಸಿ ಎಕ್ಸ್‌ಟಿ ಅನ್ನೋ ಹಾರ್ಡ್ ಡಿಸ್ಕ್ ಇರುವ ಕಂಪ್ಯೂಟರ್ ತಂತು, ಜೊತೆಗೆ ಡಾಸ್ 2.0. ಆಗಲೇ ಡಿಸ್ಕನ್ನು ಪಾಲು ಮಾಡೋ ಏರ್ಪಾಡು ಬಂತು. ಡಿಸ್ಕಿನ ಮೊಟ್ಟಮೊದಲ 512 ಬೈಟು ಜಾಗ ಇದೆಯಲ್ಲ, ಅದಕ್ಕೆ ಮಾಸ್ಟರ್ ಬೂಟ್ ರೆಕಾರ್ಡ್ ಅಂತ ಹೆಸರು. ಅದರಲ್ಲಿ 446 ಬೈಟು ಪುಟ್ಟ ಪ್ರೋಗ್ರಾಮಿಗೆ, 64 ಬೈಟು ಪಾಲುಪಟ್ಟಿಗೆ, ಕೊನೇ 2 ಬೈಟು ಸಹಿಗೆ. ಪಟ್ಟಿಯಲ್ಲಿ ನಾಲ್ಕೇ ಸಾಲು, ಒಂದೊಂದು ಸಾಲಿಗೆ 16 ಬೈಟು. ಯಾವ ಪಾಲು ಎಲ್ಲಿ ಶುರು, ಎಷ್ಟು ಉದ್ದ, ಯಾವ ಜಾತಿ, ಅಷ್ಟೇ. ತೋಟದಲ್ಲಿ ಎಷ್ಟು ತೆಂಗಿನಮರ ಇದೆ ಅಂತ ಡಿಸ್ಕಿಗೆ ಬೇಕಾಗಿಲ್ಲ, ಚಕ್ಕುಬಂದಿ ಸರಿಯಾಗಿದ್ದರೆ ಸಾಕು. ನಾಲ್ಕು ಪಾಲು ಸಾಲದೆ ಹೋದಾಗ, 1987ರ ಡಾಸ್ 3.3ರ ಹೊತ್ತಿಗೆ ಒಂದು ಪಾಲಿನೊಳಗೇ ಮತ್ತೆ ಮರಿ ಪಾಲು ಮಾಡೋ ಉಪಾಯ ಬಂತು. ಅಣ್ಣತಮ್ಮಂದಿರ ಮಕ್ಕಳು ದೊಡ್ಡವರಾದ ಮೇಲೆ ಆಗೋದೂ ಇದೇ ತಾನೇ :)

ಪಾಲು ನಾಲ್ಕಿದ್ದರೂ ತೋಟಕ್ಕೆ ಗೇಟು ಒಂದೇ, ಅದೇ ಆ 446 ಬೈಟು. ತಕರಾರೆಲ್ಲ ಇಲ್ಲೇ. ವಿಂಡೋಸ್ ಇನ್‌ಸ್ಟಾಲ್ ಮಾಡಿದಾಗೆಲ್ಲ ಅದು ಗೇಟಿಗೆ ತನ್ನ ಬೀಗ ಹಾಕಿಕೊಳ್ತಿತ್ತು, ಪಕ್ಕದಲ್ಲಿ ಇನ್ನೊಬ್ಬರು ಇದ್ದಾರಾ ಅಂತ ಕೇಳ್ತಾನೇ ಇರಲಿಲ್ಲ. ಅದಕ್ಕೇ ಹಳಬರ ಸೂತ್ರ: ಮೊದಲು ವಿಂಡೋಸ್ ಹಾಕು, ಆಮೇಲೆ ಲಿನಕ್ಸ್. ಲಿನಕ್ಸ್ ಕಡೆಯ ಗೇಟು ಕಾಯೋನಿಗೆ ಮೊದಲು ಲಿಲೋ ಅಂತ ಹೆಸರು, 1992ರ ಸುಮಾರಿಗೆ ವರ್ನರ್ ಆಲ್ಮ್ಸ್‌ಬರ್ಗರ್ ಬರೆದದ್ದು. ಅದು ಒಂದೊಂದು ಹಂತ ದಾಟಿದಾಗ ತನ್ನ ಹೆಸರಿನ ಒಂದೊಂದು ಅಕ್ಷರ ತೋರಿಸುತ್ತಿತ್ತು. ಎಲ್, ಐ ಅಂತ ಎರಡೇ ಅಕ್ಷರ ಬಂದು ನಿಂತರೆ ಎರಡನೇ ಹಂತಕ್ಕೆ ಹೋಗೋಕೆ ಆಗಿಲ್ಲ ಅಂತ ಅರ್ಥ. ಆಮೇಲೆ ಬಂದಿದ್ದು ಗ್ರಬ್. 1995ರಲ್ಲಿ ಎರಿಕ್ ಬೋಲಿನ್ ಶುರು ಮಾಡಿದ್ದು, 1999ರಲ್ಲಿ ಗ್ನೂ ಯೋಜನೆಗೆ ಸೇರಿತು. ಲಿಲೋಗೆ ಕರ್ನಲ್ ಬದಲಾದಾಗೆಲ್ಲ ಹೊಸದಾಗಿ ಹೇಳಿಕೊಡಬೇಕಿತ್ತು. ಗ್ರಬ್‌ಗೆ ಫೈಲ್ ಸಿಸ್ಟಮ್ ಓದೋಕೆ ಬರುತ್ತಿತ್ತು, ತಾನೇ ಹುಡುಕಿಕೊಳ್ಳುತ್ತಿತ್ತು.

ನಮ್ಮ ಕಡೆಗೆ, ಅಂದ್ರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಗೆ ಲಿನಕ್ಸ್ ಬಂದ ದಾರಿ ಮೂರು. ಒಂದು, ಪಿಸಿ ಕ್ವೆಸ್ಟ್‌ನಂಥ ಪತ್ರಿಕೆಗಳ ಜೊತೆ ಬರುತ್ತಿದ್ದ ಸಿಡಿ. ಎರಡು, ಎಂಜಿನಿಯರಿಂಗ್ ಓದು. ತಿಪಟೂರಿನಲ್ಲಿ 1986ರಿಂದಲೇ ಕಲ್ಪತರು ಎಂಜಿನಿಯರಿಂಗ್ ಕಾಲೇಜಿದೆ. 1998ರಲ್ಲಿ ವಿಟಿಯು ಹುಟ್ಟಿದ ಮೇಲೆ ಕಂಪ್ಯೂಟರ್ ಸೈನ್ಸ್ ಹುಡುಗರಿಗೆ ಯುನಿಕ್ಸ್ ಶೆಲ್, ಲೆಕ್ಸ್-ಯಾಕ್ ಲ್ಯಾಬುಗಳು ತಪ್ಪಲಿಲ್ಲ. ಸಿ ಕಲಿಯೋಕೆ ವಿಂಡೋಸಿನ ಮೇಲೆ ಟರ್ಬೋ ಸಿ, ಶೆಲ್ ಕಲಿಯೋಕೆ ಲಿನಕ್ಸ್. ಇರೋದು ಒಂದೇ ಪೆಟ್ಟಿಗೆ. ಮೂರನೆಯದು ಅಂಚೆ! ಉಬುಂಟು ಕಂಪನಿಯವರು 2005ರಿಂದ 2011ರವರೆಗೆ ಶಿಪ್‌ಇಟ್ ಅಂತ ಯೋಜನೆ ಇಟ್ಟಿದ್ದರು. ವಿಳಾಸ ಬರೆದರೆ ಪ್ರಪಂಚದ ಯಾವ ಮೂಲೆಗಾದರೂ ಪುಕ್ಕಟೆ ಸಿಡಿ ಕಳಿಸೋರು. ಎಂಬಿಗಟ್ಟಲೆ ಡೌನ್‌ಲೋಡ್ ಮಾಡೋ ಯೋಗ್ಯತೆ ಇಲ್ಲದ ಡಯಲಪ್ ಊರುಗಳಿಗೆ ಇದಕ್ಕಿಂತ ದೊಡ್ಡ ಉಪಕಾರ ಯಾವುದೂ ಇರಲಿಲ್ಲ ಅಂತ ನನ್ನ ಅಭಿಪ್ರಾಯ.

ಇದರಲ್ಲಿ ಬಹಳಷ್ಟು ನನಗೆ ಕೇಳಿ ಗೊತ್ತು, ಆಗ ನನಗೆ ಆರು ವರ್ಷ. ತಿಪಟೂರಿನಲ್ಲಿ ಚಿಕ್ಕಪ್ಪನ ಕೊಬ್ಬರಿ ಮಂಡಿಯಲ್ಲಿ 2003ರಲ್ಲಿ ಒಂದು ಕಂಪ್ಯೂಟರ್ ಬಂತು. 40 ಜಿಬಿ ಡಿಸ್ಕು, ವಿಂಡೋಸ್ ಎಕ್ಸ್‌ಪಿ. ತಂದದ್ದು ಟ್ಯಾಲಿಗೋಸ್ಕರ. ದೊಡ್ಡಪ್ಪನ ಮಗ, ನಮ್ಮಣ್ಣ, ಚಿಕ್ಕಪ್ಪನ ಮನೇಲೇ ಇದ್ದು ಕಾಲೇಜಿಗೆ ಹೋಗ್ತಿದ್ದ. ಅವನು ಅದರಲ್ಲಿ ರೆಡ್ ಹ್ಯಾಟ್ 9 ಹಾಕಿದ. ಮಾರನೇ ದಿನ ಬೆಳಿಗ್ಗೆ ಚಿಕ್ಕಪ್ಪ ಸ್ವಿಚ್ ಒತ್ತಿದರೆ ಬೇರೇನೋ ಬಂದಿದೆ, ಹೆಸರು ಕೇಳ್ತಿದೆ, ಪಾಸ್‌ವರ್ಡ್ ಕೇಳ್ತಿದೆ.

"ಲೋ, ಏನೋ ಮಾಡಿಟ್ಟಿದೀಯ ಇದಕ್ಕೆ? ಮಂಡಿ ಲೆಕ್ಕ ಎಲ್ಲೋ?"

"ಎಲ್ಲೂ ಹೋಗಿಲ್ಲ ಚಿಕ್ಕಪ್ಪ, ಅಲ್ಲೇ ಐತೆ. ಮೊದ್ಲು ಒಂದು ಪಟ್ಟಿ ಬರುತ್ತಲ್ಲ, ಅದ್ರಲ್ಲಿ ಎರಡ್ನೇದು ಒತ್ತಿ."

"ಗಿರಾಕಿ ಮುಂದೆ ಕೂತ್ಕಂಡು ನಾನು ಪಟ್ಟಿ ಓದ್ಲಾ?"

ಅವತ್ತೇ ಅಣ್ಣ ಗ್ರಬ್‌ನ ಫೈಲಿನಲ್ಲಿ ಡಿಫಾಲ್ಟ್ ಅನ್ನೋ ಸಾಲನ್ನು 1 ಮಾಡಿದ. ಗ್ರಬ್ ಎಣಿಕೆ ಸೊನ್ನೆಯಿಂದ ಶುರು, ಹಾಗಾಗಿ 1 ಅಂದ್ರೆ ಎರಡನೆಯದು, ವಿಂಡೋಸ್. ಹತ್ತು ಸೆಕೆಂಡು ಸುಮ್ಮನಿದ್ದರೆ ಮಂಡಿ ಲೆಕ್ಕ ತಾನಾಗೇ ಬರುತ್ತೆ. ಕರೆಂಟಿನ ಗೋಳು ಬೇರೆ. ಹಳೆಯ ಎಕ್ಸ್‌ಟಿ2 ಫೈಲ್ ಸಿಸ್ಟಮ್ ಆಗಿದ್ದರೆ ಕರೆಂಟು ಹೋಗಿ ಬಂದಾಗೆಲ್ಲ ಇಡೀ ಪಾಲನ್ನು ತಪಾಸಣೆ ಮಾಡಿಕೊಂಡು ಕೂರ್ತಿತ್ತು. 2001ರಲ್ಲಿ ಕರ್ನಲ್‌ಗೆ ಸೇರಿದ ಎಕ್ಸ್‌ಟಿ3 ತಾನು ಏನು ಬರೀತಿದ್ದೀನಿ ಅಂತ ರೋಕಡಿ ಇಡೋದು, ಹಾಗಾಗಿ ಬೇಗ ಸುಧಾರಿಸಿಕೊಳ್ಳೋದು. ನಮ್ಮ ಕಡೆಯ ಲೋಡ್ ಶೆಡ್ಡಿಂಗ್ ನೋಡಿಯೇ ಮಾಡಿದಂತಿದೆ.

ವಿಂಡೋಸ್ ಪಾಲನ್ನು ಯಾಕೆ ಬಿಡೋಕೆ ಆಗಲಿಲ್ಲ? ಮೊದಲ ಕಾರಣ ಮೋಡೆಮ್. ಅಗ್ಗದ ಕಂಪ್ಯೂಟರುಗಳಲ್ಲಿ ಇರುತ್ತಿದ್ದದ್ದು ವಿನ್‌ಮೋಡೆಮ್. ಅದರ ಅರ್ಧ ಕೆಲಸ ಸಾಫ್ಟ್‌ವೇರಿನದು, ಆ ಸಾಫ್ಟ್‌ವೇರ್ ಸಾಮಾನ್ಯವಾಗಿ ವಿಂಡೋಸಿಗೆ ಮಾತ್ರ. 2005ರಲ್ಲಿ ಬಿಎಸ್‌ಎನ್‌ಎಲ್ ಡೇಟಾವನ್ ಬ್ರಾಡ್‌ಬ್ಯಾಂಡ್ ಶುರುವಾಗಿ, ನೆಟ್‌ವರ್ಕ್ ಕೇಬಲ್ ಚುಚ್ಚಿದರೆ ಸಾಕು ಅನ್ನೋ ಮೋಡೆಮ್ ಬಂದ ಮೇಲೆ ಈ ಕಾರಣ ಸತ್ತುಹೋಯಿತು. ಎರಡನೆಯದು ಟ್ಯಾಲಿ. ಬೆಂಗಳೂರಿನ ಕಂಪನಿ, 1986ರಲ್ಲಿ ಪ್ಯೂಟ್ರಾನಿಕ್ಸ್ ಅನ್ನೋ ಹೆಸರಲ್ಲಿ ಶುರುವಾದದ್ದು. 2005ರ ಏಪ್ರಿಲ್ 1ಕ್ಕೆ ಕರ್ನಾಟಕದಲ್ಲಿ ವ್ಯಾಟ್ ಬಂದ ಮೇಲಂತೂ ವ್ಯಾಪಾರಸ್ಥರಿಗೆ ಅದಿಲ್ಲದೆ ಕೈ ಓಡದ ಹಾಗಾಯ್ತು. ಲಿನಕ್ಸಿಗೆ ಅಂತಲೇ ಟ್ಯಾಲಿ ಬರಲೇ ಇಲ್ಲ.

ಮೂರನೆಯದೇ ಕನ್ನಡ. ದೊಡ್ಡಪ್ಪ ತುರುವೇಕೆರೆ ತಾಲ್ಲೂಕಿನಲ್ಲಿ ಹೈಸ್ಕೂಲ್ ಮೇಷ್ಟರಾಗಿದ್ದೋರು. ಭಾನುವಾರ ಮಂಡಿಗೆ ರಜ, ಬಸ್ಸಲ್ಲಿ ತಿಪಟೂರಿಗೆ ಬಂದು ಅದೇ ಕಂಪ್ಯೂಟರಿನ ಮುಂದೆ ಕೂತು ನುಡಿಯಲ್ಲಿ ಬರೀತಿದ್ದರು. ನುಡಿ ಕನ್ನಡ ಗಣಕ ಪರಿಷತ್ತಿನದು. ಬರಹ ಶೇಷಾದ್ರಿವಾಸು ಚಂದ್ರಶೇಖರನ್ ಅವರದು, 1998ರದು. ಎರಡೂ ಆಗ ಪುಕ್ಕಟೆ ಸಿಗುತ್ತಿದ್ದವು, ಎರಡೂ ವಿಂಡೋಸಿಗೇ ಮಾಡಿದ್ದು. ಕನ್ನಡವನ್ನು ಕಂಪ್ಯೂಟರಿಗೆ ತಂದು ಸಾವಿರಾರು ಮೇಷ್ಟರ, ಗುಮಾಸ್ತರ ಕೈಗೆ ಕೊಟ್ಟಿದ್ದು ಇವೇ, ಅದನ್ನು ಮರೆಯೋ ಹಾಗಿಲ್ಲ. ಆದರೆ ಇವುಗಳ ಆಗಿನ ದಾರಿಯಲ್ಲಿ ಕಂಪ್ಯೂಟರಿಗೆ ಕನ್ನಡ ಬರೀತಿದ್ದೀವಿ ಅಂತ ಗೊತ್ತೇ ಆಗುತ್ತಿರಲಿಲ್ಲ! ಇಂಗ್ಲಿಷ್ ಅಕ್ಷರಗಳ, ಚಿಹ್ನೆಗಳ ಜಾಗದಲ್ಲಿ ಕನ್ನಡದ ಅಕ್ಷರದ ತುಂಡುಗಳನ್ನು, ತಲೆಕಟ್ಟು, ಒತ್ತು, ದೀರ್ಘ, ಕೊಂಬು ಇವನ್ನು ಕೂರಿಸಿದ ಫಾಂಟುಗಳು ಅವು. ಫೈಲಿನೊಳಗೆ ಇರೋದು ಲ್ಯಾಟಿನ್ ಅಕ್ಷರಗಳ ರಾಶಿ. ನುಡಿ ಫಾಂಟಿನ ಕನ್ನಡಕ ಹಾಕಿಕೊಂಡು ನೋಡಿದರೆ ಮಾತ್ರ ಅದು ಕನ್ನಡ. ಫಾಂಟನ್ನು ಲಿನಕ್ಸಿಗೆ ಕಾಪಿ ಮಾಡಿಕೊಂಡರೆ ಹೇಗೋ ಓದಬಹುದಿತ್ತು. ಕೀಲಿಮಣೆಯ ಪ್ರೋಗ್ರಾಮ್ ಬರುತ್ತಿರಲಿಲ್ಲವಾದ್ದರಿಂದ ಬರೆಯೋಕೆ ಆಗ್ತಿರಲಿಲ್ಲ.

ಯುನಿಕೋಡ್ ಆಗ ಇರಲಿಲ್ಲ ಅಂತ ಅಲ್ಲ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆ ಕೊಟ್ಟಿದ್ದರು. ಮನೆ ಇತ್ತು, ಸಂಸಾರ ಹೂಡಲು ಹತ್ತು ವರ್ಷ ಹಿಡಿಯಿತು. 2001ರ ಎಕ್ಸ್‌ಪಿಯಲ್ಲಿ ತುಂಗಾ ಫಾಂಟ್ ಬಂತು, ಆದರೂ ಕಂಟ್ರೋಲ್ ಪ್ಯಾನೆಲ್ಲಿಗೆ ಹೋಗಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಅನ್ನೋ ಚೌಕಕ್ಕೆ ಟಿಕ್ ಹಾಕಿ, ಸಿಡಿ ತುರುಕದಿದ್ದರೆ ಕನ್ನಡ ಸರಿಯಾಗಿ ಕಾಣುತ್ತಿರಲಿಲ್ಲ. ಲಿನಕ್ಸ್ ಕಡೆ ಕೇದಗೆ, ಮಲ್ಲಿಗೆ ಅಂತ ಮುದ್ದಾದ ಹೆಸರಿನ ಫಾಂಟುಗಳು, ರೆಡ್ ಹ್ಯಾಟಿನವರ ಲೋಹಿತ್, ಆಮೇಲೆ ಸ್ಕಿಮ್ ಮತ್ತು ಎಂ17ಎನ್ ಮೂಲಕ ಟೈಪಿಂಗ್. ನುಡಿಯ ಕೀಲಿಮಣೆಯನ್ನೇ ಹೋಲುವ ಕೆಜಿಪಿ ವಿನ್ಯಾಸವೂ ಅದರಲ್ಲಿ ಬಂತು. 2003ರಲ್ಲಿ ಕನ್ನಡ ವಿಕಿಪೀಡಿಯ, 2005ರಲ್ಲಿ ಹರಿಪ್ರಸಾದ್ ನಾಡಿಗರ ಸಂಪದ, ಜೊತೆಜೊತೆಗೇ ನಮ್ಮ ಬ್ಲಾಗುಗಳ ಮೊದಲ ತಲೆಮಾರು. ಇವರೆಲ್ಲ ಯುನಿಕೋಡಿನಲ್ಲೇ ಬರೆಯೋಕೆ ಹಠ ಹಿಡಿದದ್ದರಿಂದ ಕನ್ನಡ ಬರೆಯೋಕೆ ವಿಂಡೋಸ್ ಪಾಲು ಬೇಕು ಅನ್ನೋ ಕಾಲ ಮುಗಿಯುತ್ತಾ ಬಂತು. ಸರ್ಕಾರಿ ಆದೇಶಗಳಿಗಿಂತ ಈ ಹಠದ ಪಾಲೇ ದೊಡ್ಡದು ಅಂತ ನಾನು ಜಗಳಕ್ಕೂ ತಯಾರು.

ಪಕ್ಕದ ಕೇರಳದಲ್ಲಿ ಬೇರೆಯೇ ಕಥೆ. ಅಲ್ಲಿನ ಐಟಿ ಅಟ್ ಸ್ಕೂಲ್ ಯೋಜನೆ ಶಾಲೆಗಳನ್ನು ಆ ದಶಕದಲ್ಲೇ ಸ್ವತಂತ್ರ ತಂತ್ರಾಂಶಕ್ಕೆ ದಾಟಿಸಿತು. ಹಾಗಾಗಿ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಲಿನಕ್ಸಿನ ಮೇಲೇ, ಕನ್ನಡದ ಪಠ್ಯಪುಸ್ತಕ ಇಟ್ಟುಕೊಂಡು ಕಂಪ್ಯೂಟರ್ ಕಲಿತರು. ತಿಪಟೂರಿನ ಮಕ್ಕಳಿಗೆ ಇಲ್ಲದ್ದು ಅವರಿಗೆ ಸಿಕ್ಕಿತು. ಯೋಚಿಸಬೇಕಾದ ವಿಷಯ...

ಈಚಿನದನ್ನು ಬೇಗ ಹೇಳಿಬಿಡ್ತೀನಿ. 2008ರಲ್ಲಿ ಉಬುಂಟು 8.04ರ ಜೊತೆ ವುಬಿ ಬಂತು, ಪಾಲು ಮಾಡದೆ ವಿಂಡೋಸಿನೊಳಗೇ ಒಂದು ಫೈಲಿನಲ್ಲಿ ಲಿನಕ್ಸ್ ಕೂರಿಸೋದು. 2012ರ ವಿಂಡೋಸ್ 8ರ ಕಾಲಕ್ಕೆ ಯುಇಎಫ್‌ಐ ಮತ್ತು ಸೆಕ್ಯೂರ್ ಬೂಟ್ ಮನೆಮನೆಗೆ ಬಂದವು. ನಾಲ್ಕು ಸಾಲಿನ ಪಾಲುಪಟ್ಟಿ ಹೋಗಿ 128 ಸಾಲಿನ ಜಿಪಿಟಿ ಬಂತು, ಒಂದೊಂದು ಸಿಸ್ಟಮ್ಮಿಗೂ ತನ್ನದೇ ಗೇಟು. ಜಗಳ ನಿಂತಿತು ಅಂದುಕೊಂಡರೆ 2024ರ ಆಗಸ್ಟಿನ ವಿಂಡೋಸ್ ಅಪ್‌ಡೇಟ್ ಒಂದು ಎಷ್ಟೋ ಜನರ ಲಿನಕ್ಸ್ ಬೂಟ್ ಆಗದ ಹಾಗೆ ಮಾಡಿತು. ಹಳೇ ಚಾಳಿ!

ಈಗ ಮಂಡಿಯ ಆ ಹಳೇ ಡಿಸ್ಕಿನ ವಿಷಯ. ದೊಡ್ಡಪ್ಪ ತೀರಿಕೊಂಡು ನಾಲ್ಕು ವರ್ಷ ಆಯ್ತು. ಅವರು ಬರೆದದ್ದೆಲ್ಲ ಆ ಡಿಸ್ಕಿನಲ್ಲೇ ಇದೆ ಅಂತ ದೊಡ್ಡಮ್ಮ ಹೇಳ್ತಾನೇ ಇದ್ದರು. ಕಂಪ್ಯೂಟರ್ ಯಾವಾಗಲೋ ಗುಜರಿಗೆ ಹೋಗಿತ್ತು, ಡಿಸ್ಕನ್ನು ಮಾತ್ರ ಅಣ್ಣ ಬಿಚ್ಚಿಟ್ಟಿದ್ದ. ಹೋದ ಬೇಸಿಗೆಯಲ್ಲಿ ಅದನ್ನು ಯುಎಸ್‌ಬಿ ಪೆಟ್ಟಿಗೆಗೆ ಹಾಕಿ ನನ್ನ ಉಬುಂಟುಗೆ ಚುಚ್ಚಿದೆ. ತಿರುಗಿತು! ಅಣ್ಣ ಅವತ್ತು ಮಾಡಿದ್ದ ಒಂದು ಕೆಲಸ ಈಗ ಉಪಯೋಗಕ್ಕೆ ಬಂತು. ವಿಂಡೋಸಿನ ಎನ್‌ಟಿಎಫ್‌ಎಸ್ ಪಾಲಿಗೆ ಲಿನಕ್ಸಿನಿಂದ ಧೈರ್ಯವಾಗಿ ಬರೆಯೋಕೆ ಆಗಿದ್ದು 2007ರಲ್ಲಿ ಎನ್‌ಟಿಎಫ್‌ಎಸ್-3ಜಿ ಬಂದ ಮೇಲೆ. ಅಲ್ಲಿವರೆಗೆ ಇಬ್ಬರೂ ಬಳಸೋಕೆ ಅಂತ ನಡುವೆ ಒಂದು ಫ್ಯಾಟ್32 ಪಾಲು ಬಿಡೋದು ರೂಢಿ, ಪಾಲಾದ ತೋಟದಲ್ಲಿ ಬಾವಿ ಮಾತ್ರ ಜಂಟಿಯಾಗಿ ಉಳಿಯುತ್ತಲ್ಲ ಹಾಗೆ. ದೊಡ್ಡಪ್ಪನ ಫೈಲುಗಳೆಲ್ಲ ಆ ಜಂಟಿ ಪಾಲಿನಲ್ಲಿದ್ದವು. ಎಣಿಸಿದೆ, 61.

ತೆರೆದರೆ ಒಂದೂ ಕನ್ನಡ ಅಲ್ಲ, ಬರೀ ಲ್ಯಾಟಿನ್ ರಾಶಿ. ಅರವಿಂದ ವಿ. ಕೆ. ಅವರು ಬರೆದ ಆಸ್ಕಿಯಿಂದ ಯುನಿಕೋಡಿಗೆ ಬದಲಿಸೋ ಪ್ರೋಗ್ರಾಮ್ ಇದೆ, ಮುಕ್ತವಾಗಿ ಸಿಗುತ್ತೆ. (ಗುಬ್ಬಿ ಅನ್ನೋ ಯುನಿಕೋಡ್ ಫಾಂಟೂ ಅವರದೇ. ಹಕ್ಕಿಯ ಹೆಸರು ಇರಬೇಕು, ನಾವು ಮಾತ್ರ ನಮ್ಮ ಪಕ್ಕದ ತಾಲ್ಲೂಕು ಅಂತಲೇ ಖುಷಿಪಡೋದು.) ಕೆಲಸ ಅಂದುಕೊಂಡಷ್ಟು ಸಲೀಸಲ್ಲ. "ಸೂರ್ಯ" ಬರೆಯುವಾಗ ಹಳೇ ಫಾಂಟಿನಲ್ಲಿ ಯ ಮೊದಲು, ಅರ್ಕಾವೊತ್ತು ಆಮೇಲೆ. ಯುನಿಕೋಡಿನಲ್ಲಿ ರ ಮೊದಲು ಬರಬೇಕು. ಅದನ್ನೆಲ್ಲ ಪ್ರೋಗ್ರಾಮೇ ತಿರುವಿ ಹಾಕುತ್ತೆ. ತಿರುವೋಕೆ ಆಗದ್ದು ನಡುನಡುವೆ ಇಂಗ್ಲಿಷಿನಲ್ಲೇ ಬರೆದ ಪದಗಳನ್ನು, ಅವೂ ಕನ್ನಡದ ತುಂಡುಗಳು ಅಂದುಕೊಂಡು ಕಲಸಿಹಾಕುತ್ತೆ.

ಮೊದಲ ಫೈಲು ಕನ್ನಡವಾಗಿ ಬಂದಾಗ ನಾನು ಕುರ್ಚಿಯಿಂದ ಏಳಲಿಲ್ಲ. ನುಸಿ ಪೀಡೆಯ ವರ್ಷಗಳ ಲೆಕ್ಕ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡು ಆಮೇಲೆ ನಮ್ಮ ತೋಟಗಳಿಗೂ ನುಗ್ಗಿದ ಆ ಹುಳದಿಂದ ಕಾಯಿ ಸಣ್ಣದಾಗಿ, ಮೈಯೆಲ್ಲ ಕಂದು ಬಿರುಕು ಬಿಟ್ಟು ಹೋದದ್ದು ದೊಡ್ಡವರಿಗೆ ನೆನಪಿರಬಹುದು. ನಮ್ಮ ಊರಿನ ಯಾರ ತೋಟದಲ್ಲಿ ಯಾವ ವರ್ಷ ಎಷ್ಟು ಕಾಯಿ ಇಳಿಯಿತು, ಅಟ್ಟಕ್ಕೆ ಏರಿಸಿದ್ದರಲ್ಲಿ ಎಷ್ಟು ಉಂಡೆ ಕೊಬ್ಬರಿ ಆಯಿತು, ಬೇರಿಗೆ ಔಷಧ ಕಟ್ಟಿದವರು ಯಾರು, ಕಟ್ಟಿಯೂ ಸಾಲ ತೀರಿಸಲಾಗದೆ ಬೆಂಗಳೂರಿಗೆ ಹೋದವರು ಯಾರು, ಮನೆಮನೆಗೆ ಹೋಗಿ ಕೇಳಿ ಬರೆದಿದ್ದಾರೆ ಮೇಷ್ಟರು. ಹಾಗೆ ಹೋದವರ ಪಟ್ಟಿಯಲ್ಲಿ ನಮ್ಮಪ್ಪನ ಹೆಸರೂ ಇತ್ತು. ಅಪ್ಪ ಊರು ಬಿಟ್ಟಿದ್ದು ಅದಕ್ಕೇ ಅಂತ ನಮ್ಮ ಮನೆಯಲ್ಲಿ ಯಾರೂ ನನಗೆ ಹೇಳಿರಲಿಲ್ಲ.

ಔಷಧಗಳ ಹೆಸರು, ಅಳತೆ ಎಲ್ಲ ಅವರು ಇಂಗ್ಲಿಷಿನಲ್ಲೇ ಟೈಪ್ ಮಾಡಿದ್ದರಿಂದ ಅಷ್ಟೂ ಕಲಸಿಹೋಗಿದೆ. ಸರಿಮಾಡಬೇಕಾದರೆ ಮೂಲ ಫೈಲನ್ನು ನುಡಿಯಲ್ಲೇ ತೆರೆದು, ಪಕ್ಕದಲ್ಲಿಟ್ಟು ಸಾಲುಸಾಲಾಗಿ ನೋಡಬೇಕು. ಅದಕ್ಕೆಂದೇ ನನ್ನ ಲ್ಯಾಪ್‌ಟಾಪಿನಲ್ಲಿ 60 ಜಿಬಿ ಖಾಲಿ ಮಾಡಿ ಮತ್ತೆ ವಿಂಡೋಸ್ ಹಾಕಿದ್ದೇನೆ, ನುಡಿಗೋಸ್ಕರ. ಗ್ರಬ್ ಪಟ್ಟಿಯಲ್ಲಿ ಅದು ಎರಡನೆಯದು. ಇಲ್ಲಿವರೆಗೆ 23 ಫೈಲು ಮುಗಿದಿವೆ, ಅಪ್ಪ ಪಕ್ಕದಲ್ಲಿ ಕೂತು ಓದ್ತಿದ್ದಾರೆ.