ನಿಶ್ಚಲ ನೆಲದ ಹುಡುಕಾಟ

1881ರಲ್ಲಿ ಆಲ್ಬರ್ಟ್ ಮೈಕೆಲ್ಸನ್ ಬರ್ಲಿನ್ನಿನಲ್ಲಿ ವ್ಯತಿಕರಣಮಾಪಕವನ್ನು ಹೂಡಿದಾಗ ಬೀದಿಯ ಸಂಚಾರವೇ ಅದಕ್ಕೆ ವೈರಿಯಾಯಿತು. ನಡುರಾತ್ರಿಯಲ್ಲೂ ಬೆಳಕಿನ ಪಟ್ಟಿಗಳು ಸ್ಥಿರವಾಗಿ ನಿಲ್ಲಲಿಲ್ಲ. ಉಪಕರಣವನ್ನು ಪಾಟ್ಸ್‌ಡ್ಯಾಮ್ ವೀಕ್ಷಣಾಲಯದ ನೆಲಮಾಳಿಗೆಗೆ ಸಾಗಿಸಲಾಯಿತು. ಅಲ್ಲಿಯೂ ಸುಮಾರು 100 ಮೀಟರ್ ದೂರದ ಹಾದಿಯಲ್ಲಿ ಯಾರಾದರೂ ಕಾಲು ಅಪ್ಪಳಿಸಿದರೆ ಪಟ್ಟಿಗಳು ಮಾಯವಾಗುತ್ತಿದ್ದವು. 1887ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಮೈಕೆಲ್ಸನ್ ಮತ್ತು ಎಡ್ವರ್ಡ್ ಮಾರ್ಲಿ ಇಡೀ ಉಪಕರಣವನ್ನು ಒಂದೂವರೆ ಮೀಟರ್ ಬದಿಯ, ಸುಮಾರು 30 ಸೆಂಟಿಮೀಟರ್ ದಪ್ಪದ ಕಲ್ಲುಚಪ್ಪಡಿಯ ಮೇಲಿಟ್ಟು, ಆ ಚಪ್ಪಡಿಯನ್ನು ಪಾದರಸದಲ್ಲಿ ತೇಲಿಸಿದರು. ಉಪಕರಣ ನಯವಾಗಿ ತಿರುಗಿತು, ಕಂಪನವೂ ತಗ್ಗಿತು. ಪ್ರಯೋಗದ ಫಲಿತಾಂಶವನ್ನು ವಿಸ್ತಾರವಾಗಿ ಹೇಳುವ ಪಠ್ಯಪುಸ್ತಕಗಳು ಈ ಚಪ್ಪಡಿಯ ವಿಷಯದಲ್ಲಿ ಜಿಪುಣತನ ತೋರುತ್ತವೆ.

ಸಡಿಲವಾಗಿ ತೂಗುವ ವಸ್ತುವಿಗೆ ನೆಲದ ತ್ವರಿತ ನಡುಕ ತಲುಪುವುದಿಲ್ಲ; ಕಂಪನ ನಿರೋಧದ ತತ್ತ್ವವೇ ಇದು. ಆದರೆ ನೆಲವು ಆ ತೂಗಾಟದ ಸಹಜ ಲಯದಲ್ಲಿಯೇ ಅಲುಗಿದರೆ ಚಲನೆ ತಗ್ಗುವ ಬದಲು ಹಿಗ್ಗುತ್ತದೆ. ದಿನನಿತ್ಯದ ಕಂಪನದಿಂದ ಕಾಯುವ ಸಡಿಲತೆಯೇ ಭೂಕಂಪದಲ್ಲಿ ಅಪಾಯವಾಗುವುದು ಹೀಗೆ. ಗುರುತ್ವ ತರಂಗಗಳನ್ನು ಅರಸುವ ಜಪಾನಿನ ಕಾಗ್ರಾ ಉಪಕರಣವನ್ನು ನಿಶ್ಚಲತೆಗಾಗಿಯೇ ಕಾಮಿಯೋಕದ ಬೆಟ್ಟದೊಳಗೆ, 200 ಮೀಟರಿಗೂ ಹೆಚ್ಚಿನ ಆಳದಲ್ಲಿ ಕಟ್ಟಲಾಗಿದೆ. 2024ರ ಜನವರಿ 1ರ ನೋಟೊ ಭೂಕಂಪದಲ್ಲಿ ಅದರ ಕನ್ನಡಿಗಳನ್ನು ತೂಗುಹಾಕಿದ್ದ ವ್ಯವಸ್ಥೆಗಳೇ ಹಾನಿಗೊಂಡವು.

ಈ ಪ್ರಶ್ನೆ ಈಗ ಮರಾಠವಾಡಕ್ಕೂ ಬಂದಿದೆ. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಲೈಗೊ-ಇಂಡಿಯಾ ಯೋಜನೆಯ ನೆಲೆ ಹಿಂಗೋಲಿ ಜಿಲ್ಲೆ. ಕಂಪನ ಕಡಿಮೆಯಿರುವುದು ಈ ಸ್ಥಳದ ಆಯ್ಕೆಗೆ ಒಂದು ಮುಖ್ಯ ಕಾರಣ. ಆದರೆ ಅದೇ ಮರಾಠವಾಡದ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಭೂಮಿ ಕಂಪಿಸಿ, ಸುಮಾರು ಹತ್ತು ಸಾವಿರ ಜನ ಸತ್ತರು. ಸೊಲ್ಲಾಪುರ, ಕಲಬುರಗಿ ಸೀಮೆಯ ಹಿರಿಯರಿಗೆ ಆ ನಸುಕಿನ ನಡುಕ ಇನ್ನೂ ನೆನಪಿದೆ. ಅಂದಿನ ಭೂಕಂಪ ನಕ್ಷೆಯಲ್ಲಿ ಕಿಲ್ಲಾರಿ ಇದ್ದುದು ಕನಿಷ್ಠ ಅಪಾಯದ ಒಂದನೆಯ ವಲಯದಲ್ಲಿ. 2002ರ ಪರಿಷ್ಕರಣೆಯಲ್ಲಿ ಆ ವಲಯವನ್ನೇ ಕೈಬಿಡಲಾಯಿತು. ಸದ್ದಿಲ್ಲದ ನೆಲವೆಲ್ಲ ಸುರಕ್ಷಿತ ನೆಲವಲ್ಲ ಎಂಬುದನ್ನು ನಕ್ಷೆಗಾರರು ಇಷ್ಟು ಬೆಲೆ ತೆತ್ತ ಮೇಲೆ ಒಪ್ಪಬೇಕಾಯಿತು.

ಅಮೆರಿಕದ ಲೈಗೊದಲ್ಲಿ 40 ಕಿಲೋಗ್ರಾಂ ತೂಕದ ಪ್ರತಿ ಕನ್ನಡಿಯೂ ಸುಮಾರು 0.4 ಮಿಲಿಮೀಟರ್ ದಪ್ಪದ ನಾಲ್ಕು ಗಾಜಿನ ಎಳೆಗಳಲ್ಲಿ ತೂಗುತ್ತದೆ. ಅದರ ಸುತ್ತ ಕೂದಲೆಳೆಯ ಅಂತರದಲ್ಲಿ ಭೂಕಂಪದ ತಡೆಗಳಿವೆ. ಉಳಿದ ದಿನಗಳಲ್ಲಿ ಅವು ಕನ್ನಡಿಯನ್ನು ಮುಟ್ಟುವುದಿಲ್ಲ. ನೆಲ ಜೋರಾಗಿ ಅಲುಗಿದಾಗ ಮಾತ್ರ ಅದನ್ನು ಹಿಡಿದು ನಿಲ್ಲಿಸುತ್ತವೆ.