ಇಸ್ತ್ರಿಪೆಟ್ಟಿಗೆ ನಡೆದು ಬಂದ ದಾರಿ

ದೆಹಲಿಯ ಸರಕಾರಿ ವಸತಿಗೃಹದಲ್ಲಿ ಹೊಲಿಗೆಗೆಂದೇ ಒಂದು ಕೋಣೆ ಎಂಬುದು ನಮ್ಮಂಥ ಗುಮಾಸ್ತರಿಗೆ ಕನಸಿನ ಮಾತು. ನಮ್ಮ ಮನೆಯಲ್ಲಿ ಬಾಲ್ಕನಿಯೇ ಹೊಲಿಗೆಯ ಕೋಣೆ. ಅಲ್ಲಿ ಒಂದು ಹೊಲಿಗೆಯಂತ್ರ, ಪಕ್ಕದಲ್ಲಿ ಒಂದು ಮೇಜು, ಮೇಜಿನ ಮೇಲೆ ಮಡಿಸಿ ಹಾಸಿದ ಹಳೆಯ ಕಂಬಳಿ, ಅದರ ಮೇಲೆ ಇಸ್ತ್ರಿಪೆಟ್ಟಿಗೆ. ಮನೆಯವರು ನೆರೆಹೊರೆಯವರಿಗೆ ರವಿಕೆ ಹೊಲಿದು ಕೊಡುವುದರಿಂದ ತಿಂಗಳ ಕೊನೆಯ ವಾರ ನಮಗೆ ಅಷ್ಟು ಕಷ್ಟವಾಗುವುದಿಲ್ಲ.

ಕೆಲವು ವರ್ಷಗಳ ಹಿಂದೆ ರಾಜ್ಯೋತ್ಸವದ ಸಮಾರಂಭಕ್ಕೆ ಹೊರಡುವ ಗಡಿಬಿಡಿಯಲ್ಲಿ ನಮ್ಮ ಮನೆಯಲ್ಲಿ ಒಂದು ಪ್ರಸಂಗ ನಡೆಯಿತು. ಮಗಳ ಲಂಗಕ್ಕೆ ಇಸ್ತ್ರಿ ಮಾಡುತ್ತಿದ್ದಾಗ ಕರೆಂಟು ಹೋಯಿತು. ಹೊತ್ತಾಗುತ್ತದೆಂದು ಪೆಟ್ಟಿಗೆಯನ್ನು ಕಂಬಳಿಯ ಮೇಲೆಯೇ ಬಿಟ್ಟು, ಸ್ವಿಚ್ಚು ಆರಿಸದೆ ನಾವು ಹೊರಟುಬಿಟ್ಟೆವು. ಮನೆಯಲ್ಲಿ ಕಿವಿ ಮಂದವಾದ ನಮ್ಮ ತಾಯಿ ಒಬ್ಬರೇ ಮಲಗಿದ್ದರು. ನಾವು ಅತ್ತ ನಾಡಗೀತೆಗೆ ಎದ್ದು ನಿಂತ ಹೊತ್ತಿಗೆ ಇತ್ತ ಕರೆಂಟು ಬಂದಿರಬೇಕು. ಎದುರು ಮನೆಯ ಪಂಜಾಬಿ ತಾಯಿ ಹೊಗೆಯ ವಾಸನೆ ಹಿಡಿದು ಒಳಗೆ ಬಂದು ಪ್ಲಗ್ಗು ಕಿತ್ತರು. ಕಂಬಳಿ ಸುಟ್ಟು, ಮೇಜಿನ ಹಲಗೆ ಇದ್ದಿಲಾಗಿತ್ತು. ಎರಡು ದಿನ ಕೆಮ್ಮಿದ್ದು ಬಿಟ್ಟರೆ ತಾಯಿಗೆ ಬೇರೇನೂ ಆಗಲಿಲ್ಲ. ಮೇಜಿನ ಮೇಲಿನ ಆ ದೋಣಿಯಾಕಾರದ ಕರಿಕಲೆ ಇಂದಿಗೂ ಇದೆ. ಅದನ್ನು ನೋಡಿದಾಗಲೆಲ್ಲ, ಈ ವಸ್ತು ನಮ್ಮ ಮನೆಯೊಳಕ್ಕೆ ಬಂದ ದಾರಿಯನ್ನು ತಿಳಿಯಬೇಕೆನಿಸುತ್ತಿತ್ತು. ಓದಿ ತಿಳಿದದ್ದನ್ನು ವಾಚಕರ ಮುಂದೆ ಇಡುತ್ತಿದ್ದೇವೆ.

ಮೊದಲಿಗೆ ಹೆಸರು. ಇಸ್ತ್ರಿಗೂ ಸ್ತ್ರೀಗೂ ಯಾವ ಸಂಬಂಧವೂ ಇಲ್ಲ. ಎಳೆದು ಹಿಗ್ಗಿಸು ಎಂಬರ್ಥದ ಪೋರ್ಚುಗೀಸ್ ಪದ 'ಎಸ್ತಿರಾರ್' ಪಶ್ಚಿಮ ಕರಾವಳಿಯಲ್ಲಿ ಇಳಿದು ನಮ್ಮ ಭಾಷೆಗಳಲ್ಲಿ ಇಸ್ತ್ರಿಯಾಯಿತೆಂದು ಪಂಡಿತರ ಅಭಿಪ್ರಾಯ. ಆದರೆ ಬಿಸಿಯಿಂದ ಬಟ್ಟೆಯ ಸುಕ್ಕು ತೆಗೆಯುವ ವಿದ್ಯೆ ಪೋರ್ಚುಗೀಸರಿಗಿಂತ ಬಹಳ ಹಳೆಯದು. ಚೀನಾದ ಸಾಮ್ರಾಟ ಹುಯಿಝೋಂಗನ ಹೆಸರಿನಲ್ಲಿರುವ, 12ನೆಯ ಶತಮಾನದ ಆರಂಭದ ಒಂದು ಚಿತ್ರಸುರುಳಿ ಅಮೆರಿಕದ ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯದಲ್ಲಿದೆ. ಅದು ಇನ್ನೂ ಹಳೆಯದಾದ, ಈಗ ಕಳೆದುಹೋಗಿರುವ ಚಿತ್ರವೊಂದರ ಪ್ರತಿ. ಅರಮನೆಯ ಹೆಂಗಸರು ಹೊಸ ರೇಷ್ಮೆಯನ್ನು ಬಿಗಿಯಾಗಿ ಹಿಡಿದಿದ್ದಾರೆ. ಒಬ್ಬಳು ಕೆಂಡ ತುಂಬಿದ, ಹಿಡಿಯುಳ್ಳ ಬಟ್ಟಲನ್ನು ಅದರ ಮೇಲೆ ಆಡಿಸುತ್ತಿದ್ದಾಳೆ. ಕೆಂಡಕ್ಕೆ ಗಾಳಿ ಹಾಕುವ ಹುಡುಗಿ ಧಗೆ ತಾಳದೆ ಮುಖ ತಿರುಗಿಸಿದ್ದಾಳೆ. ಎಲ್ಲಕ್ಕಿಂತ ನಮ್ಮ ಗಮನ ಸೆಳೆದದ್ದು, ಹಾಸಿದ ರೇಷ್ಮೆಯ ಕೆಳಗೆ ನುಸುಳಿ ಆಡುತ್ತಿರುವ ಪುಟ್ಟ ಮಗು! ಬಿಸಿ ಇಸ್ತ್ರಿ ಇರುವಲ್ಲಿಗೇ ಮಗು ಬರುತ್ತದೆಂಬುದನ್ನು ಆ ಚಿತ್ರಕಾರ ಅಂದೇ ಕಂಡಿದ್ದ.

ಯುರೋಪಿನ ದರ್ಜಿಗಳದು ಬೇರೆ ದಾರಿ. ಅವರು ಅಚ್ಚು ಕಬ್ಬಿಣದ ಗಟ್ಟಿಯನ್ನು ಒಲೆಯ ಮೇಲಿಟ್ಟು ಕಾಯಿಸುತ್ತಿದ್ದರು. ಹಿಡಿ ಬಾತುಕೋಳಿಯ ಕತ್ತಿನಂತೆ ಬಾಗಿದ್ದುದರಿಂದ ಅದಕ್ಕೆ 'ಗೂಸ್' ಎಂದೇ ಹೆಸರು. ಶೇಕ್ಸ್‌ಪಿಯರನ 'ಮ್ಯಾಕ್‌ಬೆತ್' ನಾಟಕದಲ್ಲೂ ದರ್ಜಿಯ ಈ ಗೂಸಿನ ಪ್ರಸ್ತಾಪವಿದೆ. ಗಟ್ಟಿಯೊಡನೆ ಹಿಡಿಯೂ ಕಾಯುತ್ತಿದ್ದುದರಿಂದ ಅಂಗೈಗೆ ಬಟ್ಟೆ ಸುತ್ತಿಕೊಳ್ಳದೆ ಕೆಲಸ ಸಾಗುತ್ತಿರಲಿಲ್ಲ. ಇದಕ್ಕೆ ಪರಿಹಾರ ಹುಡುಕಿದವಳು ಒಬ್ಬ ಗೃಹಿಣಿ. ಅಮೆರಿಕದ ಅಯೋವಾ ಸಂಸ್ಥಾನದ ಮೇರಿ ಫ್ಲಾರೆನ್ಸ್ ಪಾಟ್ಸ್ ಎಂಬಾಕೆ 1871ರಲ್ಲಿ, ತೆಗೆದು ಹಾಕಬಹುದಾದ ಮರದ ಹಿಡಿಗೆ ಪೇಟೆಂಟ್ ಪಡೆದಳು. ಒಂದು ಗಟ್ಟಿ ತಣಿದೊಡನೆ ಅದನ್ನು ಒಲೆಗೆ ಬಿಟ್ಟು, ಅದೇ ತಣ್ಣನೆಯ ಹಿಡಿಯಿಂದ ಇನ್ನೊಂದನ್ನು ಎತ್ತಿಕೊಂಡರಾಯಿತು. ಆಗ ಆಕೆಗೆ ಸುಮಾರು ಇಪ್ಪತ್ತು ವರ್ಷ.

ನಮ್ಮಲ್ಲಿ ರೂಢಿಯಾದದ್ದು ಇದ್ದಿಲಿನ ಪೆಟ್ಟಿಗೆ. ಅದೂ ಇಲ್ಲದ ಮನೆಗಳಲ್ಲಿ ಹಿತ್ತಾಳೆಯ ಚೊಂಬಿಗೆ ಕೆಂಡ ತುಂಬಿ, ಇಕ್ಕಳದಲ್ಲಿ ಹಿಡಿದು ಶರಟನ್ನು ತೀಡುತ್ತಿದ್ದುದನ್ನು ಹಿರಿಯರು ಬಲ್ಲರು. ಹಾಸಿಗೆಯ ಕೆಳಗೆ ಮಡಿಸಿಟ್ಟು ಮಲಗುವುದಂತೂ ಎಲ್ಲಕ್ಕಿಂತ ಅಗ್ಗದ, ಯಾರನ್ನೂ ಸುಡದ ಇಸ್ತ್ರಿ! ಇದ್ದಿಲಿನ ಪೆಟ್ಟಿಗೆಯಿಂದ ಕಿಡಿ ಹಾರಿ ಬಟ್ಟೆಗೆ ತೂತು ಬೀಳುವುದು ಕಣ್ಣಿಗೆ ಕಾಣುವ ನಷ್ಟ. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಪ್ರಾಣವನ್ನೇ ತೆಗೆಯಬಲ್ಲದು. ಬೇವಿನ ಮರದ ನೆರಳಿನಲ್ಲಿ ಬಂಡಿ ನಿಲ್ಲಿಸಿಕೊಳ್ಳುವ ನಮ್ಮ ಬಡಾವಣೆಯ ಇಸ್ತ್ರಿಯವನು ಬಯಲಲ್ಲಿ ಇರುವುದರಿಂದ ಬದುಕಿದ್ದಾನೆ. ತಮಿಳುನಾಡಿನ ತಿರುವಣ್ಣಾಮಲೈಯ ಬಾಲಕಿ ವಿನಿಶಾ ಉಮಾಶಂಕರ್ ಇಂಥವರಿಗಾಗಿಯೇ ಬಿಸಿಲಿನ ಶಕ್ತಿಯಿಂದ ನಡೆಯುವ ಇಸ್ತ್ರಿ ಬಂಡಿಯನ್ನು ಕಲ್ಪಿಸಿ, 2020ರಲ್ಲಿ ಸ್ವೀಡನ್ನಿನ ಮಕ್ಕಳ ಹವಾಮಾನ ಬಹುಮಾನ ಪಡೆದದ್ದನ್ನು ಇಲ್ಲಿ ನೆನೆಯಬೇಕು.

ಇನ್ನು ವಿದ್ಯುತ್ತಿನ ಕಥೆ. ನ್ಯೂಯಾರ್ಕಿನ ಹೆನ್ರಿ ಸೀಲಿ 1882ರ ಜೂನ್ ತಿಂಗಳಲ್ಲಿ ವಿದ್ಯುತ್ ಇಸ್ತ್ರಿಪೆಟ್ಟಿಗೆಗೆ ಪೇಟೆಂಟ್ ಪಡೆದ. ತಮಾಷೆಯೆಂದರೆ, ಅದೇ ನಗರದಲ್ಲಿ ಎಡಿಸನ್ನನ ವಿದ್ಯುತ್ ಕೇಂದ್ರ ಆರಂಭವಾದದ್ದು ಆ ವರ್ಷದ ಸೆಪ್ಟೆಂಬರಿನಲ್ಲಿ. ಪೆಟ್ಟಿಗೆ ಮೊದಲು, ಕರೆಂಟು ಆಮೇಲೆ! ನಮ್ಮ ನಾಡೂ ಹಿಂದೆ ಬೀಳಲಿಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಬೆಳಗಿದವು.

ಆರಂಭದ ವಿದ್ಯುತ್ ಪೆಟ್ಟಿಗೆಗಳಿಗೆ ಕಾಯುವುದು ಗೊತ್ತಿತ್ತು, ನಿಲ್ಲುವುದು ಗೊತ್ತಿರಲಿಲ್ಲ. 1920ರ ದಶಕದಲ್ಲಿ ಥರ್ಮೋಸ್ಟಾಟ್ ಬಂದ ಮೇಲೆ ಆ ಕೊರತೆ ನೀಗಿತು. ಅದರ ತತ್ತ್ವ ಸರಳ. ಎರಡು ಬೇರೆ ಲೋಹಗಳ ಪಟ್ಟಿಗಳನ್ನು ಬೆಸೆದು ಕಾಯಿಸಿದರೆ, ಒಂದು ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಕಡಿಮೆ. ಆದ್ದರಿಂದ ಜೋಡಿಪಟ್ಟಿ ಬಾಗುತ್ತದೆ. ಬಾಗಿದೊಡನೆ ವಿದ್ಯುತ್ತಿನ ಸಂಪರ್ಕ ಕಡಿದುಹೋಗುತ್ತದೆ, ತಣಿದಾಗ ಮತ್ತೆ ಕೂಡಿಕೊಳ್ಳುತ್ತದೆ. ಪೆಟ್ಟಿಗೆಯ ದೀಪ ಹತ್ತಿ ಆರುವುದು ಇದರಿಂದಲೇ. ನೈಲಾನ್, ಟೆರಿಲೀನ್‌ಗಳು ಬಂದ ಮೇಲಂತೂ ಇದಿಲ್ಲದೆ ನಡೆಯದಾಯಿತು. ಚುಕ್ಕೆಯ ಗುರುತುಗಳಲ್ಲಿ ಒಂದು ಚುಕ್ಕೆಗೆ ಸುಮಾರು 110 ಡಿಗ್ರಿ ಸೆಂಟಿಗ್ರೇಡ್, ಎರಡಕ್ಕೆ 150, ಮೂರಕ್ಕೆ 200. ಹತ್ತಿಗೆ ಒಗ್ಗುವ ಮೂರು ಚುಕ್ಕೆಯ ಶಾಖವನ್ನು ಕೃತಕ ನೂಲು ತಾಳದು.

ಆದರೆ ಥರ್ಮೋಸ್ಟಾಟಿಗೆ ಶಾಖ ತಿಳಿಯುತ್ತದೆಯೇ ಹೊರತು, ಮನೆಯವರು ಸಮಾರಂಭಕ್ಕೆ ಹೋಗಿದ್ದಾರೆಂಬುದು ತಿಳಿಯದು. 200 ಡಿಗ್ರಿಯಲ್ಲಿ ಒಂದೇ ಕಡೆ ಕುಳಿತ ಪೆಟ್ಟಿಗೆ ತನ್ನ ಕೆಳಗಿನ ಬಟ್ಟೆಯನ್ನು ನಿಧಾನವಾಗಿ ಸುಡುತ್ತಲೇ ಇರುತ್ತದೆ. ಅಲುಗಾಡದೆ ಬಿಟ್ಟರೆ ತಾನಾಗಿ ಆರುವ ಪೆಟ್ಟಿಗೆಗಳೂ ಈಗ ಬಂದಿವೆ, ನಿಜ. ನಮ್ಮ ಮನೆಯದು ಅಂಥದಲ್ಲ; ನಿಮ್ಮಲ್ಲಿ ಬಹಳ ಮಂದಿಯದೂ ಅಲ್ಲವೆಂದು ಭಾವಿಸುತ್ತೇವೆ.

ಹೊಲಿಗೆಯ ಜಾಗದಲ್ಲಿ ಈ ಅಪಾಯ ಇನ್ನೂ ಹೆಚ್ಚು. ಒಗೆದ ಬಟ್ಟೆಗೆ ಇಸ್ತ್ರಿ ಒಂದೇ ಸಲ. ಹೊಲಿಯುವಾಗಲಾದರೋ ಪ್ರತಿ ಹೊಲಿಗೆಯಾದ ಮೇಲೂ ಅದನ್ನು ಬಿಡಿಸಿ ಒತ್ತಬೇಕು. ಹೀಗಾಗಿ ಪೆಟ್ಟಿಗೆ ಗಂಟೆಗಟ್ಟಲೆ ಬಿಸಿಯಾಗಿಯೇ ಇರುತ್ತದೆ. ಸುತ್ತಲೂ ಚಿಂದಿ, ದಾರ, ಯಂತ್ರದ ಎಣ್ಣೆ. ಚಿಂದಿ ಎಂದು ಅಸಡ್ಡೆ ಸಲ್ಲದು. 1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಉಡುಪು ಕಾರ್ಖಾನೆಯಲ್ಲಿ ಚಿಂದಿಯ ತೊಟ್ಟಿಗೆ ತಗುಲಿದ ಬೆಂಕಿ 146 ಜನರನ್ನು ಬಲಿ ತೆಗೆದುಕೊಂಡಿತು. ಅವರಲ್ಲಿ ಹೆಚ್ಚಿನವರು ವಲಸೆ ಬಂದ ಎಳೆಯ ಹೆಣ್ಣುಮಕ್ಕಳು. ಅಲ್ಲಿಯ ಕಿಡಿ ಇಸ್ತ್ರಿಪೆಟ್ಟಿಗೆಯದಲ್ಲ, ಸಿಗರೇಟಿನದೋ ಬೆಂಕಿಕಡ್ಡಿಯದೋ ಇರಬೇಕೆಂದು ತನಿಖೆಯವರ ಊಹೆ. ಆದರೆ ಕಿಡಿ ಯಾರದೆಂದು ಚಿಂದಿ ಕೇಳುವುದಿಲ್ಲ.

ಆ ಸಂಜೆಯ ನಂತರ ನಮ್ಮ ಮನೆಯಲ್ಲಿ ಕೆಲವು ಕಟ್ಟಳೆಗಳಾಗಿವೆ. ಕರೆಂಟು ಹೋದೊಡನೆ ಮೇಣದಬತ್ತಿ ಹುಡುಕುವ ಮೊದಲು ಇಸ್ತ್ರಿಯ ಪ್ಲಗ್ಗು ಕೀಳಬೇಕು. ಕೈಬಿಟ್ಟಾಗ ಪೆಟ್ಟಿಗೆ ಹಿಮ್ಮಡಿಯ ಮೇಲೆ ನಿಂತಿರಬೇಕು. ತಂತಿ ಮೇಜಿನಿಂದ ಕೆಳಕ್ಕೆ ಜೋತಾಡಬಾರದು. ಅದನ್ನು ಎಳೆಯಲೆಂದೇ ಮಕ್ಕಳ ಕೈ ಇರುವುದು. ಮೂರು ಪಿನ್ನಿನ ಪ್ಲಗ್ಗನ್ನು ಎರಡು ತೂತಿನ ಸಾಕೆಟ್ಟಿಗೆ ಹೇಗಾದರೂ ತುರುಕಬಾರದು. ಮೂರನೆಯ ಪಿನ್ನು ಇರುವುದೇ ಷಾಕಿನಿಂದ ಕಾಪಾಡಲು. ಕಿರಿದಾದ ಅಂಚನ್ನು ಮಡಿಸಿ ಒತ್ತುವಾಗ ಬೆರಳಿನ ಬದಲು ಕಡ್ಡಿಯಿಂದ ಹಿಡಿಯಬೇಕು. ಆವಿಯ ಪೆಟ್ಟಿಗೆಗೆ ನೀರು ತುಂಬುವುದು ಪ್ಲಗ್ಗು ತೆಗೆದ ಮೇಲೆಯೇ.

ಇಷ್ಟಾದರೂ ಕೈ ಸುಟ್ಟರೆ ಅರಿಸಿನ, ಮಸಿ, ಟೂತ್‌ಪೇಸ್ಟ್ ಯಾವುದನ್ನೂ ಹಚ್ಚಬೇಡಿ. ಬಳೆ, ಉಂಗುರ ತೆಗೆದು, ಹರಿಯುವ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಕೈ ಹಿಡಿಯಿರಿ. ಐಸಿನ ಗಡ್ಡೆ ಬೇಡ. ಕರಗಿದ ನೈಲಾನು ಚರ್ಮಕ್ಕೆ ಅಂಟಿದ್ದರೆ ಕೀಳದೆ ವೈದ್ಯರಲ್ಲಿಗೆ ಹೋಗಿ.

ಹೊಸ ಮೇಜು ತರೋಣವೆಂದು ಮಗಳು ಆಗಾಗ ಹೇಳುತ್ತಾಳೆ. ತಾಯಿ ಒಪ್ಪುವುದಿಲ್ಲ. ಆ ಕರಿಕಲೆಯ ಮೇಲೆ ಹೆಂಚಿನ ತುಂಡೊಂದನ್ನು ಇಟ್ಟು, ಪೆಟ್ಟಿಗೆಯನ್ನು ಅದರ ಮೇಲೆಯೇ ನಿಲ್ಲಿಸಬೇಕೆಂದು ಅವರ ಅಪ್ಪಣೆಯಾಗಿದೆ. ಈ ವರ್ಷದ ರಾಜ್ಯೋತ್ಸವಕ್ಕೂ ನಾವು ಬರುತ್ತೇವೆ. ಪ್ಲಗ್ಗು ಕಿತ್ತು, ಅವರಿಗೆ ತೋರಿಸಿ, ಆಮೇಲೆ ಬರುತ್ತೇವೆ.